ಒತ್ತಕ್ಷರದ ಹಿಂದಿನ ಕರಾರು

ಅರಕೇರಾ, ದೇವದುರ್ಗ, ಮಾನ್ವಿ ಎಂದು ಮೊಬೈಲಿನಲ್ಲಿ ಬರೆಯುವುದಕ್ಕೆ ಅರ್ಧ ನಿಮಿಷವೂ ಬೇಡ. ಆದರೆ ರಾಯಚೂರು ಸೀಮೆಯ ಆ ಮೂರು ಊರಿನ ಹೆಸರು ಪರದೆಯ ಮೇಲೆ ಸರಿಯಾಗಿ ಮೂಡಬೇಕಾದರೆ ಒಳಗೊಂದು ಸಣ್ಣ ಕುಸ್ತಿಯೇ ನಡೆಯಬೇಕು. ಅರಕೇರಾದಲ್ಲಿ ನಮ್ಮ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಯಂತ್ರದ ಲೆಕ್ಕದಲ್ಲಿ ಅವು ಆರು ಸಂಕೇತ. ‘ಕೇ’ಯ ಏತ್ವವನ್ನು ಎರಡು ಚೂರು ಮಾಡಿ ಒಂದನ್ನು ಕಕಾರದ ತಲೆಗೆ ಕೂಡಿಸಬೇಕು, ದೀರ್ಘವನ್ನು ಬಲಕ್ಕೆ ಇಡಬೇಕು. ಮಾನ್ವಿಯಲ್ಲಿ ಗುಡಿಸನ್ನು ನಾವು ಒತ್ತುವುದು ವಕಾರ ಆದಮೇಲೆ, ಅದು ಹೋಗಿ ಕೂರುವುದು ನಕಾರದ ಮೇಲೆ; ವಕಾರ ಒತ್ತಾಗಿ ಕೆಳಗಿಳಿಯುತ್ತದೆ. ದೇವದುರ್ಗದ ರಕಾರವಂತೂ ಬರೆಯುವಾಗ ಗಕಾರಕ್ಕಿಂತ ಮೊದಲು, ಕಾಣುವಾಗ ಅದರ ಬಲಗಡೆ ಅರ್ಕಾವತ್ತು. ಈ ಜೋಡಣೆಯನ್ನು ಪ್ರತಿ ಆ್ಯಪ್ ತಾನೇ ಮಾಡಿಕೊಳ್ಳುವುದಿಲ್ಲ. ಆಂಡ್ರಾಯ್ಡ್ ಫೋನಾಗಲಿ, ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳಾಗಲಿ, ಲಿಬ್ರೆಆಫೀಸ್ ಆಗಲಿ, ಎಲ್ಲವೂ ಇದಕ್ಕಾಗಿ ‘ಹಾರ್ಫ್‌ಬಜ್’ ಎಂಬ ಒಂದೇ ಕೋಡಿನ ಮೊರೆಹೋಗುತ್ತವೆ. ಹೆಸರು ಪಾರ್ಸಿಯದು, ತೆರೆದ ಅಕ್ಷರ ಎಂಬ ಅರ್ಥದ್ದು; ‘ಹರ್ಫ್’ ಎಂದರೆ ಅಕ್ಷರ ಎಂಬುದು ರಾಯಚೂರಿನ ಉರ್ದು ಬಲ್ಲವರಿಗೆ ಹೇಳಿಕೊಡಬೇಕಾದ್ದಲ್ಲ. ಆ ಕೋಡಿಗೆ ನಾವ್ಯಾರೂ ದುಡ್ಡು ಕೊಟ್ಟಿಲ್ಲ. ಹಾಗೆಂದು ಅದು ವಾರಸುದಾರರಿಲ್ಲದ ಸ್ವತ್ತೂ ಅಲ್ಲ. ಅದರ ಜೊತೆ ಒಂದು ಪರವಾನಗಿ ಇದೆ, ಅದರಲ್ಲಿ ಷರತ್ತುಗಳಿವೆ. ನಮ್ಮ ಒತ್ತಕ್ಷರ ನಿಂತಿರುವುದು ಒಂದು ಕರಾರಿನ ಮೇಲೆ.

ಹೀಗೆ ಹಲವು ತಂತ್ರಾಂಶಗಳು ಎರವಲು ಪಡೆಯಲೆಂದೇ ಬರೆದಿಟ್ಟ ಕೋಡಿಗೆ ಲೈಬ್ರರಿ ಎನ್ನುತ್ತಾರೆ, ಎರವಲು ಪಡೆಯುವುದಕ್ಕೆ ಲಿಂಕ್ ಮಾಡುವುದು ಎನ್ನುತ್ತಾರೆ. ಲಿಂಕ್ ಮಾಡಲು ಎರಡು ದಾರಿ. ಲೈಬ್ರರಿಯ ಕೋಡನ್ನು ನಮ್ಮ ತಂತ್ರಾಂಶದ ಕಡತದೊಳಗೇ ಬೆಸೆದು ಒಂದೇ ಮುದ್ದೆಯಾಗಿಸುವುದು ಒಂದು, ಅದು ಸ್ಟ್ಯಾಟಿಕ್. ಲೈಬ್ರರಿಯನ್ನು ಬೇರೆ ಕಡತವಾಗಿಯೇ ಬಿಟ್ಟು, ತಂತ್ರಾಂಶ ಓಡುವಾಗ ಕರೆಸಿಕೊಳ್ಳುವುದು ಇನ್ನೊಂದು, ಅದು ಡೈನಾಮಿಕ್. ಬಳಸುವವರಿಗೆ ಎರಡರ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ಪರವಾನಗಿ ಮಾತ್ರ ಇಲ್ಲೊಂದು ಪ್ರಶ್ನೆ ಎತ್ತುತ್ತದೆ: ಎರವಲು ತಂದ ಹತ್ತು ಸಾಲಿನ ಷರತ್ತು ನಾನು ಬರೆದ ಹತ್ತು ಸಾವಿರ ಸಾಲಿಗೂ ಅಂಟುತ್ತದೆಯೆ? ಎಂಐಟಿ ಮಾದರಿಯ ಪರವಾನಗಿಗಳು ಇಲ್ಲ ಎನ್ನುತ್ತವೆ; ಬರೆದವರ ಹೆಸರನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಂಡರೆ ಸಾಕು, ಮಿಕ್ಕದ್ದು ನಿಮ್ಮಿಷ್ಟ. ಹಾರ್ಫ್‌ಬಜ್ ಈ ಗುಂಪಿನದು. ಜಿಪಿಎಲ್ ಅಂಟುತ್ತದೆ ಎನ್ನುತ್ತದೆ. ಅದರಡಿಯ ಲೈಬ್ರರಿಯನ್ನು ಕೂಡಿಸಿಕೊಂಡು ತಂತ್ರಾಂಶ ಹಂಚುವುದಾದರೆ ಇಡೀ ತಂತ್ರಾಂಶದ ಮೂಲಸಂಕೇತವನ್ನು ಅದೇ ಷರತ್ತಿನಡಿ ಕೊಡಬೇಕು. ಇವೆರಡರ ನಡುವೆ ಎಲ್‌ಜಿಪಿಎಲ್, ಎಂಪಿಎಲ್‌ಗಳ ದಾರಿ ಇದೆ: ನಿನ್ನ ತಂತ್ರಾಂಶ ನಿನ್ನದು, ಮುಚ್ಚಿಟ್ಟುಕೋ, ಆದರೆ ಲೈಬ್ರರಿಯನ್ನು ತಿದ್ದಿ ಹಂಚಿದ್ದರೆ ಆ ತಿದ್ದುಪಡಿಯನ್ನು ತೆರೆದಿಡು.

ಮೂರರಲ್ಲಿ ಯಾವುದು ಮೇಲು ಎಂಬ ಚರ್ಚೆ ಜಗತ್ತಿನಲ್ಲಿ ಮೂರು ದಶಕದಿಂದ ನಡೆದಿದೆ, ಬಹುಮಟ್ಟಿಗೆ ಸಿದ್ಧಾಂತದ ಜಗಳವಾಗಿ. ಕನ್ನಡದ ಮಟ್ಟಿಗೆ ಅದನ್ನು ಸಿದ್ಧಾಂತದಿಂದ ಬಿಡಿಸಿ ನೀರಾವರಿಯ ಪ್ರಶ್ನೆಯಂತೆ ನೋಡುವುದು ಒಳ್ಳೆಯದು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನೀರು ಧಾರಾಳವಾಗಿ ಹರಿಯುವಾಗ ಯಾರ ತೂಬು ಎಷ್ಟು ತೆರೆದಿದೆ ಎಂದು ಯಾರೂ ಕೇಳುವುದಿಲ್ಲ. ಗೇಜಿನ ಲೆಕ್ಕ, ಸರದಿಯ ಕಟ್ಟುಪಾಡು ಜೀವನ್ಮರಣದ ಮಾತಾಗುವುದು ಮಾನ್ವಿಯ ಕಡೆ, ಕಾಲುವೆಯ ಕೊನೆಯಲ್ಲಿ. ಹಂಚಿಕೆಯ ಕೋಡಿಗೂ ಇದೇ ಲೆಕ್ಕ. ಬರೆಯುವವರು, ತಿದ್ದುವವರು ನೂರಾರು ಜನ ಇರುವ ಕಡೆ ಪರವಾನಗಿ ಸಡಿಲವಾಗಿದ್ದರೂ ನಡೆಯುತ್ತದೆ. ಕೆಲಸ ಮಾಡುವವರು ಬೆರಳೆಣಿಕೆಯಷ್ಟಿದ್ದಾಗ, ಹಿಂದಕ್ಕೆ ಬರಬೇಕಾದದ್ದು ಬಂದೇ ತೀರುವಂತೆ ನೋಡಿಕೊಳ್ಳುವ ಹೊರೆ ಪರವಾನಗಿಯ ಮೇಲೇ ಬೀಳುತ್ತದೆ. ಕನ್ನಡದ ಕಾಗುಣಿತ ಪರೀಕ್ಷಕ, ಅಕ್ಷರ ಗುರುತಿಸುವ ತಂತ್ರಾಂಶ, ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವ ಸಲಕರಣೆ ಎಲ್ಲವೂ ಕಾಲುವೆಯ ಕೊನೆಯಲ್ಲೇ ಇವೆ. ಆದ್ದರಿಂದ ಅವಕ್ಕೆ ತಕ್ಕದ್ದು ನಡುವಿನ ದಾರಿ ಎಂಬುದು ಈ ಬರಹದ ವಾದ.

ಜಿಪಿಎಲ್ ಪಕ್ಷದವರು ಇದಕ್ಕೆ ಸುಮ್ಮನೆ ಒಪ್ಪುವವರಲ್ಲ, ಅವರ ಹತ್ತಿರ ಗಟ್ಟಿ ಸಾಕ್ಷಿಯೂ ಇದೆ. ರೀಡ್‌ಲೈನ್ ಎಂಬುದು ಆಜ್ಞೆಗಳನ್ನು ಟೈಪಿಸುವಾಗ ಸಾಲನ್ನು ತಿದ್ದಿಕೊಳ್ಳಲು ನೆರವಾಗುವ ಒಂದು ಪುಟ್ಟ ಲೈಬ್ರರಿ. ಅದರ ಪರವಾನಗಿ ಜಿಪಿಎಲ್. 1992ರಲ್ಲಿ ಕ್ಲಿಸ್ಪ್ ಎಂಬ ತಂತ್ರಾಂಶದ ಕರ್ತೃ ಬ್ರೂನೋ ಹೈಬ್ಲೆ ಅದನ್ನು ಲಿಂಕ್ ಮಾಡಿಕೊಂಡಾಗ, ಜಿಪಿಎಲ್ ರೂಪಿಸಿದ ರಿಚರ್ಡ್ ಸ್ಟಾಲ್ಮನ್ ಪತ್ರ ಬರೆದು ಆಕ್ಷೇಪಿಸಿದರು. ಲಿಂಕ್ ಆದಮೇಲೆ ಎರಡೂ ಸೇರಿ ಒಂದೇ ಕೃತಿ, ಹಾಗಾಗಿ ಕ್ಲಿಸ್ಪ್ ಕೂಡ ಜಿಪಿಎಲ್ ಆಗಬೇಕು ಎಂಬುದು ಅವರ ವಾದ. ಹೈಬ್ಲೆ ಮೊದಲು ಒಪ್ಪಲಿಲ್ಲ. ತನ್ನ ಕೋಡನ್ನು ಬೇರೆ ಕೊಟ್ಟು, ಬಳಸುವವರೇ ಕೂಡಿಸಿಕೊಳ್ಳಲಿ ಎಂಬಂಥ ಉಪಾಯಗಳನ್ನೂ ಮುಂದಿಟ್ಟರು. ಕೊನೆಗೆ ಕ್ಲಿಸ್ಪ್ ಜಿಪಿಎಲ್‌ಗೆ ಬಂತು. ಸಣ್ಣದೊಂದು ಲೈಬ್ರರಿ ತನಗಿಂತ ಎಷ್ಟೋ ದೊಡ್ಡ ತಂತ್ರಾಂಶವನ್ನು ತೆರೆಸಿದ ಪ್ರಸಂಗವಿದು. ಸ್ಟಾಲ್ಮನ್ ಇದರಿಂದ ಒಂದು ಸೂತ್ರವನ್ನೇ ತೆಗೆದರು. ಬೇರೆಡೆಯೂ ಸುಲಭವಾಗಿ ಸಿಗುವಂಥ ಲೈಬ್ರರಿಯಾದರೆ ಎಲ್‌ಜಿಪಿಎಲ್ ಸಾಕು, ಬೇರೆಲ್ಲೂ ಇಲ್ಲದ ವಿಶೇಷ ಲೈಬ್ರರಿಯಾದರೆ ಜಿಪಿಎಲ್ಲೇ ಇರಲಿ, ಅದರ ಆಸೆಗಾದರೂ ಜನ ತಮ್ಮ ಕೋಡು ತೆರೆಯುತ್ತಾರೆ. 1991ರಲ್ಲಿ ‘ಲೈಬ್ರರಿ’ ಪರವಾನಗಿ ಎಂದು ಶುರುವಾದ ಎಲ್‌ಜಿಪಿಎಲ್‌ನ ಹೆಸರನ್ನು 1999ರಲ್ಲಿ ‘ಲೆಸರ್’, ಅಂದರೆ ಕಿರಿಯದು, ಎಂದು ಬದಲಿಸಿದ್ದು ಈ ಯೋಚನೆಯಿಂದಲೇ. ಲೈಬ್ರರಿ ಎಂದಕೂಡಲೇ ಇದನ್ನೇ ಆರಿಸಿಕೊಳ್ಳಬೇಕಿಲ್ಲ ಎಂಬ ಸೂಚನೆ ಆ ಹೆಸರಿನಲ್ಲೇ ಇದೆ.

ಸೂತ್ರವನ್ನು ಹಾಗೇ ಕನ್ನಡಕ್ಕೆ ಅನ್ವಯಿಸಿದರೆ ಬೇರೆಲ್ಲೂ ಸಿಗದ ಕನ್ನಡ ಲೈಬ್ರರಿಗಳು ಜಿಪಿಎಲ್ ಆಗಬೇಕು. ಆದರೆ ಅದರ ಹಿಂದೊಂದು ಊಹೆ ಅಡಗಿದೆ, ಎದುರಿನವನಿಗೆ ನಮ್ಮ ಸರಕು ಬೇಕೇ ಬೇಕು ಎಂಬ ಊಹೆ. ರೀಡ್‌ಲೈನ್ ಎಲ್ಲರಿಗೂ ಬೇಕಿತ್ತು. ಕನ್ನಡ ಕಾಗುಣಿತ ಪರೀಕ್ಷಕ ಒಂದು ದೊಡ್ಡ ಕಂಪನಿಗೆ ಅಷ್ಟೇ ಬೇಕಿದೆಯೆ? ತನ್ನ ಇಡೀ ತಂತ್ರಾಂಶವನ್ನು ತೆರೆಯಬೇಕು ಎಂಬ ಷರತ್ತು ಕಂಡರೆ ಅದು ತೆರೆಯುವುದಿಲ್ಲ; ಭಾಷೆಗಳ ಪಟ್ಟಿಯಿಂದ ಕನ್ನಡವನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಚೌಕಾಸಿಯಲ್ಲಿ ಬಲವಿರುವವನು ಎದ್ದು ಹೋಗಬಲ್ಲವನು. ಇಲ್ಲಿ ಆ ಬಲ ನಮ್ಮದಲ್ಲ ಎಂಬ ಕಹಿ ಸತ್ಯವನ್ನು ಒಪ್ಪಿಕೊಂಡೇ ಪರವಾನಗಿ ಆರಿಸಬೇಕು.

ಇದು ಬರೀ ಊಹೆಯಲ್ಲ ಎಂಬುದಕ್ಕೆ ಫಾಂಟುಗಳ ಇತಿಹಾಸವನ್ನೇ ನೋಡಬಹುದು. ಲಿನಕ್ಸ್ ಬಳಸುವ ಕನ್ನಡಿಗರಿಗೆ ಬಹುಕಾಲ ಆಸರೆಯಾಗಿದ್ದ ಲೋಹಿತ್ ಕನ್ನಡ ಫಾಂಟನ್ನು ರೆಡ್ ಹ್ಯಾಟ್ ಕಂಪನಿ ಮೊದಲು ಕೊಟ್ಟದ್ದು ಜಿಪಿಎಲ್ ಅಡಿಯಲ್ಲಿ. ಫಾಂಟಿಗೆ ಜಿಪಿಎಲ್ ಹಾಕಿದರೆ ವಿಚಿತ್ರ ತೊಡಕೊಂದು ಹುಟ್ಟುತ್ತದೆ. ಪಿಡಿಎಫ್ ಮಾಡುವಾಗ ಫಾಂಟಿನ ತುಣುಕು ಆ ಕಡತದೊಳಗೇ ಸೇರುತ್ತದೆ, ತಂತ್ರಾಂಶದಲ್ಲಿ ಲೈಬ್ರರಿ ಬೆಸೆದುಕೊಂಡಂತೆಯೇ. ಹಾಗಾದರೆ ಆ ಫಾಂಟಿನಲ್ಲಿ ಸಿದ್ಧವಾದ ಕಾದಂಬರಿಯೋ ಮದುವೆಯ ಲಗ್ನಪತ್ರಿಕೆಯೋ ಜಿಪಿಎಲ್ ಆಗಬೇಕೆ? ಕೇಳಲು ತಮಾಷೆ ಎನಿಸಿದರೂ ಪರವಾನಗಿಯ ಪದಗಳನ್ನು ಅಕ್ಷರಶಃ ಹಿಡಿದರೆ ಪ್ರಶ್ನೆ ಗಂಭೀರವೇ. ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಇದಕ್ಕೆಂದೇ ‘ಫಾಂಟ್ ವಿನಾಯಿತಿ’ ಎಂಬ ಒಂದು ಕಲಮನ್ನು ಬರೆದುಕೊಡಬೇಕಾಯಿತು. ಎಸ್‌ಐಎಲ್ ಸಂಸ್ಥೆ ರೂಪಿಸಿದ ಓಪನ್ ಫಾಂಟ್ ಲೈಸೆನ್ಸ್ ಇನ್ನೂ ನೇರವಾಗಿ ಬಿಡಿಸಿತು. ಫಾಂಟನ್ನು ಯಾವ ತಂತ್ರಾಂಶದ ಜೊತೆಗಾದರೂ ಕೊಡಿ, ಯಾವ ದಾಖಲೆಯಲ್ಲಾದರೂ ಸೇರಿಸಿ, ದಾಖಲೆಗೆ ಯಾವ ಷರತ್ತೂ ಇಲ್ಲ; ಫಾಂಟನ್ನೇ ತಿದ್ದಿ ಹಂಚಿದರೆ ಅದು ಇದೇ ಪರವಾನಗಿಯಲ್ಲಿ ಉಳಿಯಬೇಕು, ಫಾಂಟೊಂದನ್ನೇ ಒಂಟಿಯಾಗಿ ಮಾರುವಂತಿಲ್ಲ. 2011ರಲ್ಲಿ ಲೋಹಿತ್ ಜಿಪಿಎಲ್ ಬಿಟ್ಟು ಇದರ ಅಡಿಗೆ ಬಂತು. ಗೂಗಲ್‌ನ ನೋಟೋ ಕನ್ನಡ ಫಾಂಟು ಬಂದದ್ದು ಎದುರು ದಿಕ್ಕಿನಿಂದ: ಸಡಿಲವಾದ ಅಪಾಚೆ ಪರವಾನಗಿಯಲ್ಲಿದ್ದ ನೋಟೋ ಕುಟುಂಬ 2015ರಲ್ಲಿ ಇದೇ ಓಪನ್ ಫಾಂಟ್ ಲೈಸೆನ್ಸಿಗೆ ಬದಲಾಯಿತು. ಒಂದು ಬಿಗಿಯ ಕಡೆಯಿಂದ, ಇನ್ನೊಂದು ಸಡಿಲದ ಕಡೆಯಿಂದ ಬಂದು ನಡುವೆ ಸೇರಿದವು.

ಎಂಐಟಿ ಪಕ್ಷದವರ ಆಕ್ಷೇಪ ಬೇರೆ. ತೆರೆದಿಡುವ ಷರತ್ತಿಲ್ಲದೆಯೇ ಹಾರ್ಫ್‌ಬಜ್ ಇಷ್ಟು ಬೆಳೆದಿಲ್ಲವೆ, ದೊಡ್ಡ ಕಂಪನಿಗಳೇ ಅದಕ್ಕೆ ಸಂಬಳ ಕೊಟ್ಟು ಕೆಲಸ ಮಾಡಿಸುತ್ತಿಲ್ಲವೆ, ನಂಬಿಕೆಯೊಂದೇ ಸಾಲದೆ ಎಂದು ಅವರು ಕೇಳುತ್ತಾರೆ. ನಿಜವೇ. ಆದರೆ ಅಲ್ಲಿ ಕೆಲಸ ಮಾಡುತ್ತಿರುವುದು ನಂಬಿಕೆಗಿಂತ ಹೆಚ್ಚಾಗಿ ಖರ್ಚಿನ ಲೆಕ್ಕ. ಹಾರ್ಫ್‌ಬಜ್‌ನ ಹೊಸ ಆವೃತ್ತಿಗಳು ಬೆನ್ನುಬೆನ್ನಿಗೆ ಬರುತ್ತಿರುತ್ತವೆ. ಯಾವುದೋ ಕಂಪನಿ ತನ್ನ ತಿದ್ದುಪಡಿಯನ್ನು ಗುಟ್ಟಾಗಿ ಇಟ್ಟುಕೊಂಡರೆ ಪ್ರತಿ ಹೊಸ ಆವೃತ್ತಿಗೂ ಅದನ್ನು ಮತ್ತೆ ಮತ್ತೆ ಹೊಂದಿಸುತ್ತ ಕೂರಬೇಕು. ಅದಕ್ಕಿಂತ ತಿದ್ದುಪಡಿಯನ್ನು ಮೂಲಕ್ಕೇ ಕೊಟ್ಟು ಕೈತೊಳೆದುಕೊಳ್ಳುವುದು ಅಗ್ಗ. ಹೊಳೆ ರಭಸವಾಗಿ ಹರಿಯುತ್ತಿರುವುದರಿಂದ ದಡದಲ್ಲಿ ಬೇರೆ ಹೊಂಡ ತೋಡುವವನಿಗೇ ನಷ್ಟ. ವರ್ಷಗಟ್ಟಲೆ ಒಂದು ಸಾಲೂ ಬದಲಾಗದ ಕನ್ನಡ ಲೈಬ್ರರಿಯನ್ನು ತೆಗೆದುಕೊಂಡು, ಹತ್ತು ಸಾವಿರ ಪದ ಸೇರಿಸಿ, ಮುಚ್ಚಿಟ್ಟು ಮಾರುವವನಿಗೆ ಆ ನಷ್ಟವಿಲ್ಲ. ಮೂಲದಲ್ಲಿ ಏನೂ ಚಲಿಸುತ್ತಿಲ್ಲವಾದ್ದರಿಂದ ಹೊಂದಿಸಬೇಕಾದ್ದೂ ಇಲ್ಲ. ಬೇರೆಡೆ ಖರ್ಚಿನ ಲೆಕ್ಕವೇ ಮಾಡಿಸುವ ಕೆಲಸವನ್ನು ಅಲ್ಲಿ ಪರವಾನಗಿ ಮಾಡಿಸಬೇಕಾಗುತ್ತದೆ.

ಬೆಂಗಳೂರಿನಲ್ಲೇ ಹುಟ್ಟಿದ ಎರಡು ದೊಡ್ಡ ಸಾರ್ವಜನಿಕ ತಂತ್ರಾಂಶಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಈ ಆಯ್ಕೆ ಎಷ್ಟು ಜೀವಂತ ಎಂಬುದು ತಿಳಿಯುತ್ತದೆ. ಇಗವರ್ನಮೆಂಟ್ಸ್ ಫೌಂಡೇಶನ್ ನಗರಸಭೆ, ಪುರಸಭೆಗಳಿಗಾಗಿ ಮೊದಲು ಸಿದ್ಧಪಡಿಸಿದ ತಂತ್ರಾಂಶ ಜಿಪಿಎಲ್ ಅಡಿಯಲ್ಲಿತ್ತು. ಅದರ ನಂತರದ ‘ಡಿಜಿಟ್’ ವೇದಿಕೆ ಬಂದದ್ದು ಎಂಐಟಿ ಪರವಾನಗಿಯಲ್ಲಿ. ಗುತ್ತಿಗೆ ಪಡೆದ ಕಂಪನಿಗಳು ಅದರ ಮೇಲೆ ತಮ್ಮದನ್ನು ಕಟ್ಟಿ ಮುಚ್ಚಿಟ್ಟುಕೊಳ್ಳಲು ಅಡ್ಡಿಯಿಲ್ಲ. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಶುರುವಾದ ‘ಮೋಸಿಪ್’ ರಾಷ್ಟ್ರೀಯ ಗುರುತಿನ ಚೀಟಿಯ ವ್ಯವಸ್ಥೆ ಕಟ್ಟುವ ವೇದಿಕೆ, ಫಿಲಿಪ್ಪೀನ್ಸ್ ಮತ್ತು ಮೊರಾಕ್ಕೊ ದೇಶಗಳು ಅದನ್ನು ಬಳಸಿಕೊಂಡಿವೆ. ಅದು ಆರಿಸಿಕೊಂಡದ್ದು ಎಂಪಿಎಲ್. ಬೆರಳಚ್ಚಿನ ಯಂತ್ರ ಮಾರುವ ಕಂಪನಿ ತನ್ನ ಕೋಡನ್ನು ಬೇರೆ ಕಡತಗಳಲ್ಲಿ ಗುಟ್ಟಾಗಿ ಇಟ್ಟುಕೊಳ್ಳಲಿ. ಆದರೆ ಮೋಸಿಪ್‌ನ ಕಡತದಲ್ಲಿ ಕೈಯಾಡಿಸಿ ಹಂಚಿದರೆ ಆ ಕಡತ ತೆರೆದೇ ಇರಬೇಕು. ಒಂದು ಸರ್ಕಾರ ಗುತ್ತಿಗೆದಾರನನ್ನು ಬದಲಿಸಬೇಕಾಗಿ ಬಂದಾಗ ತಾಯಿಬೇರು ಹಳಬನ ಕೈಯಲ್ಲಿ ಸಿಕ್ಕಿಕೊಳ್ಳಬಾರದು ಎಂಬುದಕ್ಕೆ ಇದು ಸಾಕಷ್ಟು ಭದ್ರವಾದ ಏರ್ಪಾಡು. ಡಿಜಿಟ್‌ನ ಧಾರಾಳತನದಿಂದ ಅದರ ಹರಡುವಿಕೆಗೆ ಅನುಕೂಲವಾಗಿರಬಹುದು, ಅದನ್ನು ಅಲ್ಲಗಳೆಯಲು ಕಾರಣವಿಲ್ಲ. ನನ್ನ ಒಲವು ಮಾತ್ರ ಮೋಸಿಪ್ ಕಡೆಗೆ.

ಇನ್ನು ಜಾಣರ ಆಕ್ಷೇಪ. ಡೈನಾಮಿಕ್ ಲಿಂಕ್ ಮಾಡಿದರೆ ನಾನು ಲೈಬ್ರರಿಯ ಒಂದು ಸಾಲನ್ನೂ ನಕಲು ಮಾಡಿಲ್ಲ, ಕರೆದಿದ್ದೇನೆ ಅಷ್ಟೆ. ನಕಲೇ ಇಲ್ಲದ ಮೇಲೆ ಕೃತಿಸ್ವಾಮ್ಯದ ಮಾತೆಲ್ಲಿಯದು ಎನ್ನುತ್ತಾರೆ. ವಕೀಲರಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಪ್ರಕಾರ ಸ್ಟ್ಯಾಟಿಕ್ ಆಗಲಿ ಡೈನಾಮಿಕ್ ಆಗಲಿ ಕೂಡಿದ ಕೃತಿ ಒಂದೇ. 2007ರಲ್ಲಿ ಬಂದ ಜಿಪಿಎಲ್ ಮೂರನೇ ಆವೃತ್ತಿಯಂತೂ, ಕೊಡಬೇಕಾದ ಮೂಲಸಂಕೇತದಲ್ಲಿ ಆ ತಂತ್ರಾಂಶ ನೆಚ್ಚಿಕೊಂಡೇ ರೂಪುಗೊಂಡ ಡೈನಾಮಿಕ್ ಭಾಗಗಳನ್ನೂ ಹೆಸರಿಸಿ ಸೇರಿಸಿತು. ಎದುರು ಪಕ್ಷದವರು, ಪರವಾನಗಿ ಏನೇ ಬರೆದುಕೊಳ್ಳಲಿ, ಕಾನೂನು ಕೊಟ್ಟ ಹಕ್ಕಿಗಿಂತ ಆಚೆ ಕೈಚಾಚಲಾರದು ಎನ್ನುತ್ತಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ತಂತ್ರಾಂಶವನ್ನು ಸಾಹಿತ್ಯ ಕೃತಿಯೊಳಗೆ ಎಣಿಸುತ್ತದೆ; ಜೊತೆಗೆ, ಸ್ವತಂತ್ರವಾಗಿ ಬರೆದ ತಂತ್ರಾಂಶವೊಂದು ಇನ್ನೊಂದರೊಡನೆ ಹೊಂದಿಕೊಂಡು ನಡೆಯಲು ಬೇಕಾದ ಮಾಹಿತಿ ಪಡೆಯುವುದಕ್ಕೆ 52ನೇ ಕಲಮಿನಲ್ಲಿ ವಿನಾಯಿತಿಯನ್ನೂ ಕೊಟ್ಟಿದೆ. ಎರಡೂ ಪಕ್ಷ ಹಿಡಿದುಕೊಳ್ಳಲು ಅದರಲ್ಲಿ ಎಳೆಗಳಿವೆ. ನಡುವಿನ ಪರವಾನಗಿಯ ಗುಣ ಕಾಣುವುದೂ ಇಲ್ಲೇ. ಬೆಸುಗೆ ಎಂಥದು ಎಂಬ ಈ ತರ್ಕಕ್ಕೆ ಎಲ್‌ಜಿಪಿಎಲ್ ಇಳಿಯುವುದೇ ಇಲ್ಲ. ಬಳಸುವವನು ಲೈಬ್ರರಿಯನ್ನು ತಿದ್ದಿ, ಹಳೆಯದರ ಜಾಗದಲ್ಲಿ ಹೊಸದನ್ನು ಕೂಡಿಸಲು ಬರುತ್ತದೆಯೆ ಎಂಬುದಷ್ಟೇ ಅದರ ಪ್ರಶ್ನೆ. ಡೈನಾಮಿಕ್ ಆದರೆ ಕಡತ ಬದಲಿಸಿದರಾಯಿತು. ಸ್ಟ್ಯಾಟಿಕ್ ಆದರೆ ಮತ್ತೆ ಬೆಸೆದುಕೊಳ್ಳಲು ಬೇಕಾದ ಬಿಡಿಭಾಗಗಳನ್ನು ಒದಗಿಸಬೇಕು. ಅರ್ಕಾವತ್ತು ತಪ್ಪಾಗಿ ಮೂಡಿದರೆ ಆ ತಪ್ಪಷ್ಟನ್ನೇ ತಿದ್ದಲು ಬರಬೇಕು ಎಂಬ ಓದುಗನ ಬೇಡಿಕೆಗೂ ಇದಕ್ಕೂ ವ್ಯತ್ಯಾಸವಿಲ್ಲ.

ಇದೆಲ್ಲ ಕಾಗದದ ಮೇಲಿನ ಮಾತು, ಪರವಾನಗಿ ಮುರಿದರೆ ಯಾರು ಕೋರ್ಟು ಹತ್ತುತ್ತಾರೆ ಎಂಬುದು ಕೊನೆಯ ಮತ್ತು ಅತಿ ಸಾಮಾನ್ಯ ಆಕ್ಷೇಪ. ಹತ್ತಿದವರಿದ್ದಾರೆ. ಫ್ರಾನ್ಸಿನ ಎಂತ್ರೂವೇರ್ ಎಂಬ ಸಣ್ಣ ಸಹಕಾರಿ ಕಂಪನಿ ‘ಲಾಸೊ’ ಎಂಬ ಲೈಬ್ರರಿಯನ್ನು ಜಿಪಿಎಲ್ ಅಡಿಯಲ್ಲಿ ಕೊಟ್ಟಿತ್ತು. ಅಲ್ಲಿನ ಸರ್ಕಾರದ ಜಾಲತಾಣವೊಂದರ ಗುತ್ತಿಗೆ ಪಡೆದ ದೂರವಾಣಿ ದೈತ್ಯ ಆರೆಂಜ್ ತನ್ನ ವ್ಯವಸ್ಥೆಯೊಳಗೆ ಅದನ್ನು ಸೇರಿಸಿಕೊಂಡು ಕೊಟ್ಟಿತು, ಷರತ್ತು ಪಾಲಿಸಲಿಲ್ಲ. 2011ರಲ್ಲಿ ಹೂಡಿದ ದಾವೆ ಮೇಲಕ್ಕೂ ಕೆಳಕ್ಕೂ ಓಡಾಡಿ, 2024ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ಆರೆಂಜ್ ಕೃತಿಸ್ವಾಮ್ಯ ಉಲ್ಲಂಘಿಸಿದೆ ಎಂದು ತೀರ್ಪಿತ್ತು ಲಕ್ಷಗಟ್ಟಲೆ ಯೂರೋ ಪರಿಹಾರ ವಿಧಿಸಿತು. ಗೆದ್ದರು, ಆದರೆ ಹದಿಮೂರು ವರ್ಷ ಬೇಕಾಯಿತು. ಕನ್ನಡಕ್ಕಾಗಿ ರಾತ್ರಿ ಹೊತ್ತು ಕೂತು ಕೋಡು ಬರೆಯುವ ಒಬ್ಬ ಸ್ವಯಂಸೇವಕನಿಗೆ ಅಂಥ ದಾವೆಯ ತಾಕತ್ತು ಎಲ್ಲಿಂದ ಬರಬೇಕು? ಈ ಆಕ್ಷೇಪದಲ್ಲಿ ಅಷ್ಟು ಸತ್ಯವಿದೆ. ಆದರೂ ಪರವಾನಗಿ ಫಲ ಕೊಡುವುದು ಬರೀ ಕೋರ್ಟಿನಲ್ಲಲ್ಲ. 2003ರಲ್ಲಿ ಲಿಂಕ್‌ಸಿಸ್ ರೌಟರ್ ಒಂದರೊಳಗೆ ಜಿಪಿಎಲ್ ಕೋಡು ಇರುವುದು ಬಯಲಾದಾಗ ಒತ್ತಡಕ್ಕೆ ಮಣಿದು ಕಂಪನಿ ಮೂಲಸಂಕೇತ ಬಿಟ್ಟುಕೊಟ್ಟಿತು, ಅದರಿಂದಲೇ ಓಪನ್‌ಡಬ್ಲ್ಯುಆರ್‌ಟಿ ಎಂಬ ಇಡೀ ಯೋಜನೆ ಹುಟ್ಟಿತು. ಅದಕ್ಕಿಂತ ಮುಖ್ಯವಾಗಿ, ನಮ್ಮಲ್ಲಿ ಪರವಾನಗಿಗೆ ಬೆಲೆ ಬರಬಹುದಾದ ಜಾಗ ಟೆಂಡರು.

ಕನ್ನಡ ತಂತ್ರಾಂಶಕ್ಕೆ ಸಾರ್ವಜನಿಕ ಹಣ ಹರಿಯುವುದು ಟೆಂಡರಿನ ಮೂಲಕ, ಅಲ್ಲಿ ನಾವು ಇಲ್ಲಿಯವರೆಗೆ ಒತ್ತುಕೊಟ್ಟದ್ದು ಬೆಲೆಗೆ. ಸರ್ಕಾರದ ‘ನುಡಿ’ ಜನರಿಗೆ ಉಚಿತವಾಗಿ ಸಿಕ್ಕಿತು. 1998ರಲ್ಲಿ ಬಂದ ‘ಬರಹ’ವೂ ಮೊದಲ ವರ್ಷಗಳಲ್ಲಿ ಹಾಗೇ ಸಿಕ್ಕಿತು. ಎರಡರ ಉಪಕಾರ ದೊಡ್ಡದು. ಅವಿಲ್ಲದೆ ಕನ್ನಡ ಕಚೇರಿಗಳ ಟೇಬಲ್ಲಿನ ಮೇಲೆ ಕಂಪ್ಯೂಟರಿನಲ್ಲಿ ಕೂರುತ್ತಲೇ ಇರಲಿಲ್ಲವೇನೋ. ಇಂಗ್ಲಿಷಿನ ‘ಫ್ರೀ’ಯಲ್ಲಿ ಇರುವ ಗೊಂದಲ ಕನ್ನಡಕ್ಕಿಲ್ಲ, ನಮ್ಮಲ್ಲಿ ಉಚಿತ ಬೇರೆ, ಮುಕ್ತ ಬೇರೆ. ವಿಚಿತ್ರವೆಂದರೆ ಪದ ಎರಡಿದ್ದರೂ ನಾವು ಕೇಳಿದ್ದು ಒಂದನ್ನೇ. ಯೂನಿಕೋಡ್ ಬಂದ ಮೇಲೆ ಹಾಗೆ ಮಾಡಿದ್ದರ ಬೆಲೆ ಗೊತ್ತಾಯಿತು. ಹಳೆಯ ಕಡತಗಳಲ್ಲಿ ಕನ್ನಡದ ಚೂರುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿದ್ದವು; ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಯಾವ ಚೂರು ಎಲ್ಲಿದೆ ಎಂದು ಒಂದೊಂದಾಗಿ ಪಟ್ಟಿ ಮಾಡಿ ಪರಿವರ್ತಕಗಳನ್ನು ಬರೆಯುವ ಕೆಲಸಕ್ಕೆ ಉತ್ಸಾಹಿಗಳೇ ಕೈಹಾಕಬೇಕಾಯಿತು. 2015ರ ಕೇಂದ್ರ ಸರ್ಕಾರದ ನೀತಿ, ಸರ್ಕಾರಿ ಖರೀದಿಯಲ್ಲಿ ಮುಕ್ತ ತಂತ್ರಾಂಶವನ್ನು ಪರಿಗಣಿಸಲೇಬೇಕು ಎಂದು ಹೇಳಿದೆ. ಆದರೆ ‘ಮುಕ್ತ’ ಎಂದಷ್ಟೇ ಬರೆದರೆ ಎಂಐಟಿಯಿಂದ ಜಿಪಿಎಲ್‌ವರೆಗೆ ಎಲ್ಲವೂ ಅದರಲ್ಲಿ ಬರುತ್ತದೆ. ಕನ್ನಡದ ಸಲಕರಣೆಗೆ ಹಣ ಕೊಡುವ ಇಲಾಖೆ ಟೆಂಡರಿನಲ್ಲಿ ಬರೆಯಬೇಕಾದ್ದು ಇನ್ನೂ ಖಚಿತವಾದದ್ದು: ಫಾಂಟಾದರೆ ಓಪನ್ ಫಾಂಟ್ ಲೈಸೆನ್ಸ್, ಬೇರೆಯವರು ಲಿಂಕ್ ಮಾಡಿಕೊಳ್ಳುವ ಲೈಬ್ರರಿಯಾದರೆ ಎಲ್‌ಜಿಪಿಎಲ್ ಅಥವಾ ಎಂಪಿಎಲ್, ಜೊತೆಗೆ ಮೂಲಸಂಕೇತ ಕೈಗೆ ಬಂದ ಮೇಲೆಯೇ ಕೊನೆಯ ಕಂತು. ಹಣ ಕೊಡುವವನೇ ಷರತ್ತು ಹಾಕಿದರೆ ದಾವೆ ಹೂಡುವ ಸ್ವಯಂಸೇವಕನನ್ನು ಹುಡುಕಬೇಕಿಲ್ಲ.

ಈ ವಾದ ಮುಟ್ಟದ ಒಂದು ಜಾಗವಿದೆ, ಅದು ದಿನೇದಿನೇ ದೊಡ್ಡದಾಗುತ್ತಿದೆ. ಮೇಲೆ ಹೇಳಿದ ಷರತ್ತುಗಳೆಲ್ಲ ಜಾರಿಗೆ ಬರುವುದು ತಂತ್ರಾಂಶವನ್ನು ಹಂಚಿದಾಗ. ತಿದ್ದಿದ ಲೈಬ್ರರಿ ಯಾರ ಫೋನಿಗೂ ಬರದೆ ಕಂಪನಿಯ ಸರ್ವರಿನಲ್ಲೇ ಕೂತು, ಉತ್ತರವನ್ನಷ್ಟೇ ನಮಗೆ ಕಳಿಸಿದರೆ ಎಲ್‌ಜಿಪಿಎಲ್ ಏನೂ ಕೇಳುವುದಿಲ್ಲ. 2007ರಲ್ಲೇ ಬಂದ ಎಜಿಪಿಎಲ್ ಅಲ್ಲಿಗೂ ಕೈಚಾಚುತ್ತದೆ. ಆದರೆ ಅದು ಜಿಪಿಎಲ್‌ನಷ್ಟೇ ಬಿಗಿ, ಆದ್ದರಿಂದ ಎದ್ದು ಹೋಗುವವನ ಸಮಸ್ಯೆ ಅಲ್ಲಿಯೂ ಇದೆ. ಕನ್ನಡದ ಅನುವಾದ, ಮಾತನ್ನು ಬರಹವಾಗಿಸುವ ಕೆಲಸಗಳು ಈಗ ಹೆಚ್ಚಾಗಿ ಹೋಗುತ್ತಿರುವುದು ಆ ದಿಕ್ಕಿಗೇ. ಅಲ್ಲಿ ಎರವಲು ಹೋಗುವುದು ಕೋಡಿನ ಸಾಲುಗಳಿಗಿಂತ ಹೆಚ್ಚಾಗಿ, ಲಕ್ಷಾಂತರ ಕನ್ನಡ ವಾಕ್ಯಗಳನ್ನು ಅರೆದು ತೆಗೆದ ಅಂಕಿಗಳ ರಾಶಿ. ಅದಕ್ಕೆ ಲಿಂಕ್ ಎಂಬ ಪದವೇ ಸರಿಯಾಗಿ ಹೊಂದುವುದಿಲ್ಲ. ಆ ವಾಕ್ಯಗಳನ್ನು ಬರೆದವರಿಗೂ ಆ ರಾಶಿಗೂ ನಡುವೆ ಯಾವ ಕರಾರು ಇರಬೇಕು ಎಂಬುದನ್ನು ಬರೆಯುವ ಕೆಲಸ ಇನ್ನೂ ಬಾಕಿ ಇದೆ.